ವ್ಯಾನಿನಡಿಯ ಕುಂಟು ಸದ್ದು

ಹುಣಸೆ ಮರದ ಹತ್ತಿರ ಏನೋ ಕಂಡೆ ಎಂದು ಬೆವರುತ್ತ ಬಂದವರನ್ನು, ಏನು ಕುಡಿದಿದ್ದೆ, ಮೊದಲು ಅದನ್ನು ಹೇಳು ಎಂದು ಕೇಳುವವಳು ನಾನು. ದೇವರನ್ನು ನಂಬುತ್ತೇನೆ, ಪೂಜಾರಿಯನ್ನು ಅಷ್ಟಾಗಿ ನಂಬುವುದಿಲ್ಲ. ಮುಂದೆ ಹೇಳುವುದನ್ನು ಬೇರೆ ಯಾರಾದರೂ ಬಂದು ನನಗೆ ಹೇಳಿದ್ದರೆ ಅವರನ್ನೂ ಹಾಗೇ ಕೇಳಿ ಕಳಿಸುತ್ತಿದ್ದೆ.

ನಮ್ಮದು ಶ್ರೀರಾಂಪುರದ ಹತ್ತಿರ, ಕುರಿ ಸಾಕುವವರು. ನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನನ ಎರಡೂ ಕಿಡ್ನಿ ಕೈಕೊಟ್ಟವು. ನಾನು ಅವನನ್ನು ಮುದುಕ ಎಂದೇ ಕರೆಯುವುದು. ವಾರಕ್ಕೆ ಎರಡು ಸಲ ದುರ್ಗದ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಬೇಕು. ಒಂದು ಸಲ ತಪ್ಪಿದರೂ ಮುಖ ಊದಿ ಉಸಿರು ಸಿಕ್ಕಿಕೊಳ್ಳುತ್ತದೆ. ಬಸ್ಸಿನಲ್ಲಿ ಬರುವಾಗ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದ ಮೇಲೆ, ಅರ್ಧ ಹಿಂಡು ಮಾರಿ ಯಲ್ಲದಕೆರೆಯವರ ಹಳೆಯ ವ್ಯಾನ್ ಒಂದನ್ನು ತೆಗೆದುಕೊಂಡೆವು. ಗೊತ್ತು ಮಾಡಿದ್ದು ನಮ್ಮ ಅಳಿಯ ತಿಪ್ಪೇಶ. ಓಡಿಸುವವನೂ ಅವನೇ.

ಮೊದಲನೆಯ ವಾರವೇ, ಹೊಳಲ್ಕೆರೆ ಇನ್ನೂ ಬಂದಿರಲಿಲ್ಲ, ಕಾಲಡಿಯಿಂದ ಸದ್ದು ಶುರುವಾಯಿತು. ಟಕ್ ಟಕ್ ಟಕ್, ಒಂದು ಬಿಟ್ಟು, ಮತ್ತೆ ಟಕ್ ಟಕ್ ಟಕ್. ಹಿಂಡು ಮನೆಗೆ ಬರುವಾಗ ಕಣ್ಣು ಮುಚ್ಚಿಕೊಂಡು ಕೂತರೂ ಯಾವ ಕುರಿ ಕುಂಟುತ್ತಿದೆ ಎಂದು ಗೊರಸಿನ ಸದ್ದಿನಲ್ಲೇ ಹೇಳಬಲ್ಲೆ. ಈ ವ್ಯಾನು ಕುಂಟುತ್ತಿತ್ತು. ಇದು ನಡುದಾರಿಯಲ್ಲಿ ಮುರಿದು ಕೂತರೆ ಮುದುಕನ ಗತಿಯೇನು ಎಂಬುದೊಂದೇ ನನ್ನ ತಲೆಯಲ್ಲಿ.

ಮೊದಲು ಅಳಿಯನ ಮೇಲೆ ಅನುಮಾನ ಬಂತು. ದಲ್ಲಾಳಿ ಜೊತೆ ಸೇರಿಕೊಂಡು ನಮ್ಮ ತಲೆಗೆ ಕಟ್ಟಿದೆಯಾ ಎಂದು ಮುಖಕ್ಕೇ ಕೇಳಿದೆ. ಅವನು ಎರಡು ದಿನ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ಆಮೇಲೆ ಹೊಸದುರ್ಗದ ಗ್ಯಾರೇಜಿನ ಮೇಸ್ತ್ರಿಯ ಮೇಲೆ ಬಂತು. ಅವನು ವ್ಯಾನಿನ ಕೆಳಗೆ ಮಲಗಿ, ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟನ್ನು ಇಳಿಸಿ, ಅದರ ತುದಿಯ ಕೀಲು, ಅವರು ಕ್ರಾಸ್ ಅನ್ನುವುದು, ಬದಲಿಸಿದ. ಓಡಿಸಿ ನೋಡಿ ಸದ್ದಿಲ್ಲ ಎಂದ. ನಿಜವಾಗಿಯೂ ಇರಲಿಲ್ಲ. ಮರುದಿನ ಮುದುಕನನ್ನು ಕೂರಿಸಿಕೊಂಡು ಹೊರಟರೆ ಮತ್ತೆ ಅದೇ ಕುಂಟು. ಬೇರಿಂಗ್ ಬದಲಿಸಿದ, ಆಗಲೂ ಹಾಗೇ ಆಯಿತು. ಮೂರನೆಯ ಸಲ ದುರ್ಗದಿಂದ ಬರುತ್ತ ಮುದುಕನ ಸಮೇತ ಅವನ ಅಂಗಡಿಗೆ ಹೋಗಿ, ಬೇಕೆಂದೇ ಹುಳುಕು ಉಳಿಸುತ್ತಿದ್ದೀಯ ಎಂದು ಬೈದೆ. ಅವನು ಕೈ ಒರೆಸಿಕೊಂಡು ಹೇಳಿದ:

"ಅಜ್ಜೀ, ನಾ ಓಡ್ಸಿದ್ರೆ ಸದ್ದಿಲ್ಲ, ನಿಮ್ಮಳಿಯ ಒಬ್ನೇ ಓಡ್ಸಿದ್ರೂ ಇಲ್ಲ. ನಿಮ್ಮ ಯಜಮಾನ್ರು ಹತ್ತಿದ್ರೆ ಮಾತ್ರ ಐತೆ. ನಾ ಗಾಡಿ ರಿಪೇರಿ ಮಾಡ್ಲೋ, ಅವ್ರನ್ನ ಮಾಡ್ಲೋ?"

ಭಾರ ಬಿದ್ದರೆ ಬರುತ್ತದೆ, ಇಷ್ಟೂ ಗೊತ್ತಾಗುವುದಿಲ್ಲವೇ ಎಂದೆ. ಮುದುಕನನ್ನು ಇಳಿಸಿ ಅವನ ಜಾಗದಲ್ಲಿ ರಾಗಿ ಚೀಲ ಹಾಕಿಸಿದೆ. ಒಂದು ಸುತ್ತು ಹೋಗಿ ಬಂದರೂ ಸದ್ದಿಲ್ಲ. ಚೀಲ ತೆಗೆಸಿ ನಾನೇ ಕೂತೆ, ಆಗಲೂ ಇಲ್ಲ. ಮುದುಕನನ್ನು ಹತ್ತಿಸಿದೆವು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಟಕ್ ಟಕ್ ಟಕ್. ವ್ಯಾನಿನ ನೆಲಕ್ಕೆ ಕಿವಿ ಹಚ್ಚಿ ಮಲಗಿ ಕೇಳಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದೇ, ಅದರಲ್ಲಿ ಅನುಮಾನವಿಲ್ಲ. ನಮಗೆಲ್ಲ ಕೇಳುತ್ತಿದ್ದ ಆ ಸದ್ದು ಮುದುಕನಿಗೆ ಮಾತ್ರ ಕೇಳುತ್ತಿರಲಿಲ್ಲ. ಅವನೇನು ಕಿವುಡನಲ್ಲ. ನಾನು ಅಡುಗೆ ಮನೆಯಲ್ಲಿ ಬೆಲ್ಲದ ಡಬ್ಬಿ ತೆಗೆದರೆ ಜಗುಲಿಯಿಂದ ಕೇಳಿಸಿಕೊಳ್ಳುವವನು.

ಆಗ ನನಗೆ ನಮ್ಮದೇ ಒಂದು ತಪ್ಪು ಹೊಳೆಯಿತು. ನಮ್ಮಲ್ಲಿ ದನ ಕೊಂಡರೆ ಹಳೆಯ ಹಗ್ಗವನ್ನು ಮಾರಿದವರ ಬಾಗಿಲಲ್ಲೇ ಬಿಟ್ಟು, ನಮ್ಮ ಹಗ್ಗ ಕಟ್ಟಿ ಹೊಡೆದುಕೊಂಡು ಬರುತ್ತೇವೆ. ಹಗ್ಗದ ಜೊತೆ ಆ ಮನೆಯದೂ ಏನೋ ಹಿಂದೆ ಬರುತ್ತದೆ ಅನ್ನುತ್ತಾರೆ. ವ್ಯಾನಿಗೆ ಎಲ್ಲಿಯ ಹಗ್ಗ? ಆದರೆ ಬೀಗದ ಕೈಗೆ ಕಟ್ಟಿದ್ದ ಕಪ್ಪು ದಾರ, ಹಿಂದಿನ ಸೀಟಿಗೆ ಹಾಸಿದ್ದ ಕಂಬಳಿ, ಎರಡನ್ನೂ ಚೆನ್ನಾಗಿವೆ ಎಂದು ಹಾಗೇ ತಂದುಬಿಟ್ಟಿದ್ದೆ. ಮುದುಕನನ್ನು ಮಗಳ ಹತ್ತಿರ ಬಿಟ್ಟು, ತಿಪ್ಪೇಶನ ಜೊತೆ ಯಲ್ಲದಕೆರೆಗೆ ಹೋದೆ. ಕೊಟ್ಟು ಬರುವುದೊಂದೇ ಅಲ್ಲ, ಹುಳುಕು ಗೊತ್ತಿದ್ದೇ ಮಾರಿದರಾ ಎಂದು ಕೇಳುವುದೂ ಇತ್ತು.

ವ್ಯಾನು ಮಾರಿದವರ ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಗಾಡಿ ಸದ್ದು ಮಾಡುತ್ತದೆ ಎಂದೆ, ಅಷ್ಟೇ. ಅವಳು ಕಂಬಳಿ ಇಸಿದುಕೊಂಡು ಕೇಳಿದಳು:

"ಯಾರು ಕುಂತ್ರೆ ಬರ್ತೈತಮ್ಮ?"

ಒಬ್ಬರು ಕೂತರೆ ಬರುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ. ತಿಪ್ಪೇಶ ನನ್ನ ಮುಖ ನೋಡಿದ. ಅವಳೇ ಮುಂದುವರಿಸಿದಳು:

"ನಮ್ಮ ಮಾವ ಕುಂತ್ರೆ ಬರ್ತಿತ್ತು. ಅವ್ರನ್ನ ಆಸ್ಪತ್ರೆಗೆ ಕರ್ಕಂಡೋಗಾಕೇ ತಗಂಡಿದ್ದು. ಒಂದಿನ ದಾರ್ಯಾಗೆ ಸದ್ದು ನಿಂತೋತು. ಗಾಡಿ ಸರಿಯಾತು ಅಂತ ಖುಷಿಯಾಗಿ ಹಿಂದಕ್ಕೆ ತಿರುಗಿ ನೋಡಿದ್ವಿ."

ಅಷ್ಟು ಹೇಳಿ ಕಂಬಳಿ ಮಡಿಸತೊಡಗಿದಳು.

ಹುಳುಕು ಗಾಡಿ ಮಾರಿದ್ದನ್ನು ಮುಚ್ಚಿಕೊಳ್ಳಲು ಕಟ್ಟಿದ ಕತೆ ಎಂದು ದಾರಿಯುದ್ದಕ್ಕೂ ತಿಪ್ಪೇಶನಿಗೆ ಹೇಳಿದೆ. ಹಾಗಿದ್ದರೂ ಮೇಸ್ತ್ರಿಗೆ, ಇನ್ನು ನೀನು ಈ ಗಾಡಿಯನ್ನು ಮುಟ್ಟಬೇಡ ಎಂದು ಹೇಳಿ ಕಳಿಸಿದೆ. ಅಷ್ಟು ದಿನ ಸದ್ದು ಬಂದರೆ ಎದೆ ಹಾರುತ್ತಿತ್ತು. ಈಗ ರಸ್ತೆಯ ಒಂದು ಉಬ್ಬು ದಾಟಿದ ಮೇಲೆ ಸದ್ದು ಬರುವುದು ಸ್ವಲ್ಪ ತಡವಾದರೂ ಕಿವಿ ಹುಡುಕುತ್ತಿತ್ತು. ದಾರ, ಕಂಬಳಿ ಕೊಟ್ಟು ಬಂದ ಮೇಲೂ ಎರಡು ತಿಂಗಳು ಅದು ಹಾಗೇ ಬಂತು.

ಒಂದು ಗುರುವಾರ, ಒಳ್ಳೆಯ ಬಿಸಿಲು, ಹೊಳಲ್ಕೆರೆ ದಾಟಿ ದುರ್ಗದ ಕಡೆ ಹೋಗುತ್ತಿದ್ದೆವು. ಮುದುಕ ಹಿಂದೆ, ನಾನು ಮುಂದೆ. ಸದ್ದು ನಿಂತಿತು. ಸಣ್ಣಗಾಗಿ ನಿಂತದ್ದಲ್ಲ, ಕತ್ತರಿಸಿದ ಹಾಗೆ ನಿಂತಿತು. ತಿಪ್ಪೇಶ ತಾನಾಗಿಯೇ ಗಾಡಿ ನಿಲ್ಲಿಸಿದ. ಅವನೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ. ಒಂದು ಲಾರಿ ಪಕ್ಕದಲ್ಲಿ ಹಾರ್ನ್ ಹೊಡೆದು ಹೋಯಿತು. ಆಮೇಲೆ ಹಿಂದಿನಿಂದ ದನಿ ಬಂತು.

"ಲೇ, ಯಾಕ್ ನಿಲ್ಸಿದ್ರಿ? ಹೊತ್ತಾಗ್ತೈತೆ, ಹೋಗಾಣ."

ಮುದುಕ ಇದ್ದಾನೆ. ಸದ್ದು ಅವತ್ತಿನಿಂದ ಇವತ್ತಿನವರೆಗೆ ಬಂದಿಲ್ಲ. ಹಾಕಿದ ಸಾಮಾನು ಸವೆದು ಹೊಂದಿಕೊಂಡು ಕೂತಿದೆ ಎನ್ನುತ್ತಾನೆ ಮೇಸ್ತ್ರಿ. ಹಾಗಾದರೆ ರಾಗಿ ಚೀಲಕ್ಕೆ ಯಾಕೆ ಬರಲಿಲ್ಲ ಎಂದರೆ ಬೇರೆ ಗಾಡಿಯ ಕೆಳಗೆ ನುಸುಳುತ್ತಾನೆ. ಆ ಸೊಸೆ ಸುಳ್ಳು ಹೇಳಿದಳು ಎಂದುಕೊಂಡರೆ, ಯಾರು ಕೂತರೆ ಎಂದು ಅವಳಿಗೆ ಹೇಗೆ ಹೊಳೆಯಿತು? ನಿಜ ಹೇಳಿದಳು ಎಂದುಕೊಂಡರೆ, ನನ್ನ ಮುದುಕ ಹೇಗೆ ಉಳಿದ?

ಈಗಲೂ ವಾರಕ್ಕೆ ಎರಡು ಸಲ ಹೋಗುತ್ತೇವೆ. ವ್ಯಾನು ಎಣ್ಣೆ ಹಚ್ಚಿದ ಹಾಗೆ ಓಡುತ್ತದೆ. ನಾನು ಮುಂದೆ ಕೂರುವುದನ್ನು ಬಿಟ್ಟಿದ್ದೇನೆ. ಹಿಂದೆ ಅವನ ಪಕ್ಕ ಕೂತು, ಬೇಲಿ, ಕುರಿ, ಸತ್ತು ಹೋದ ನಮ್ಮತ್ತೆಯ ಜಗಳ, ಏನಾದರೊಂದು ತೆಗೆದು ದುರ್ಗದವರೆಗೂ ಮಾತಾಡಿಸುತ್ತಲೇ ಇರುತ್ತೇನೆ. ಅವನಿಗೆ ಸಾಕಾಗಿ ಹೋಗಿದೆ. ಸ್ವಲ್ಪ ಕಣ್ಣು ಮುಚ್ಚಿದರೂ ಮೊಣಕೈಯಲ್ಲಿ ತಿವಿಯುತ್ತೇನೆ.