ಅಕ್ಕ ಕೇಳಿಸಿಕೊಂಡ ಫೋನು

ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಐದನೆಯ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಹೋದ ದೃಷ್ಟಿ ಮತ್ತೆ ಬರಲಿಲ್ಲ. ಪಾವಗಡದ ಕಡೆಗೆ ಮದುವೆಯಾಗಿ ಹೋದಳು, ಅಲ್ಲಿ ತೆಲುಗನ್ನೂ ಕಲಿತಳು. ವರ್ಷಕ್ಕೊಂದೆರಡು ಸಲ ಮಧುಗಿರಿಯ ನಮ್ಮ ಮನೆಗೆ ಬರುತ್ತಾಳೆ. ಬರುವಾಗ ಒಂದು ಚೀಲ ಕಡಲೆಕಾಯಿ ತರುತ್ತಾಳೆ, ಇರುವಷ್ಟು ದಿನವೂ ಸುಲಿಯುತ್ತಾ ಕೂರುತ್ತಾಳೆ.

ಹೋದ ವರ್ಷ ಹಾಗೆ ಬಂದಿದ್ದಾಗ, ಒಂದು ಮಧ್ಯಾಹ್ನ ನನಗೆ ಫೋನು ಬಂತು. ನಾನು ಹೈಸ್ಕೂಲು ಮೇಷ್ಟ್ರು. ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ಹಿಂದಿನ ವಾರವಷ್ಟೇ ಮಕ್ಕಳಿಗೆ ಒತ್ತಿ ಒತ್ತಿ ಹೇಳಿದ್ದವನು. ಆದರೆ ಫೋನು ಮಾಡಿದವನು ನನ್ನ ಹೆಸರು ಹಿಡಿದು ಕರೆದ. ಬ್ಯಾಂಕಿನಿಂದ ಎಂದ. ಕೆವೈಸಿಯಲ್ಲಿ ತಪ್ಪಾಗಿದೆ, ಸರಿಪಡಿಸದಿದ್ದರೆ ಸಂಜೆಯೊಳಗೆ ಖಾತೆ ನಿಂತುಹೋಗುತ್ತದೆ ಎಂದ. ಎರಡು ದಿನದ ಹಿಂದೆ ನಾನೇ ಬ್ಯಾಂಕಿಗೆ ಹೋಗಿ ವಿಳಾಸ ಬದಲಿಸಲು ಅರ್ಜಿ ಕೊಟ್ಟು ಬಂದಿದ್ದೆ. ಅದಕ್ಕೇ ಇರಬೇಕು ಅಂದುಕೊಂಡೆ.

ಅವನು ಎಟಿಎಂ ಕಾರ್ಡಿನ ಸಂಖ್ಯೆ ಕೇಳಿದ. ಕನ್ನಡಕ ಹಾಕಿಕೊಂಡು ಕಾರ್ಡು ಹಿಡಿಯಬೇಕಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕಾರ್ಡಿನ ಸಂಖ್ಯೆ ಓದಿದೆ. ಹಿಂಬದಿಯ ಮೂರು ಅಂಕಿಗಳನ್ನೂ ಓದಿದೆ. ಟಿಣ್ ಎಂದು ಮೆಸೇಜು ಬಂತು. "ಬಂದಿರುವ ಆರು ಅಂಕಿ ಹೇಳಿ ಸರ್" ಎಂದ ಅವನು, ತುಂಬ ವಿನಯದಿಂದ.

"ಲೇ, ತಡಿ" ಎಂದಳು ಅಕ್ಕ. ಕಡಲೆಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತ್ತು. ನಾನು ಫೋನನ್ನು ಅಂಗೈಯಿಂದ ಮುಚ್ಚಿದೆ.

"ಹಿಂದ್ಗಡೆ ಇನ್ನೊಬ್ಬ ತೆಲುಗಲ್ಲಿ ಯಾರ್ಗೋ ಇದೇ ಮಾತು ಹೇಳ್ತಾವ್ನೆ. ಸಂಜೆ ಒಳ್ಗೆ ಅಕೌಂಟು ನಿಂತೋಯ್ತದೆ ಅಂತ. ಅವ್ನ ಪಕ್ಕ ಒಂದು ಹೆಣ್ಣು ದನಿ, ಅವ್ಳದೂ ಅದೇ ಪಾಠ."

ನನಗೆ ಕೇಳಿಸಿದ್ದು ಬರೀ ಗುಂಯ್ ಎನ್ನುವ ಸದ್ದು. "ಬ್ಯಾಂಕಿನೋರು ಹತ್ತಾರು ಜನಕ್ಕೆ ಫೋನ್ ಮಾಡ್ತಾರೆ ಕಣಕ್ಕ" ಎಂದೆ.

"ಮಾಡ್ಲಿ ಬುಡು. ನೀನು ನಂಬರ್ ಓದ್ವಾಗ ಅವ್ನು ಉಸಿರು ಬಿಗಿ ಹಿಡ್ಕಂಡಿದ್ದ. ಓದಿ ಮುಗಿಸ್ದಾಗ ಬಿಟ್ಟ. ಎರಡು ಸಲಾನೂ ಅಂಗೇ. ದಿನಾ ಮಾಡೋ ಕೆಲ್ಸಕ್ಕೆ ಯಾರಾದ್ರೂ ಉಸಿರು ಹಿಡೀತಾರೇನ್ಲಾ?"

ನಾನು ಅವನ ಮಾತನ್ನು ಕೇಳುತ್ತಿದ್ದೆ. ಅಕ್ಕ ಅವನನ್ನೇ ಕೇಳಿಸಿಕೊಂಡಿದ್ದಳು.

ಅವಳು ಕೈ ಚಾಚಿ ನನ್ನ ಅಂಗೈ ಸರಿಸಿದಳು. "ಸಾಮಿ, ಯಾವ ಬ್ಯಾಂಕಿಂದ ಮಾತಾಡ್ತಿರೋದು, ಮಧುಗಿರಿದಾ?"

"ಹೌದಮ್ಮ, ಮಧುಗಿರಿ ಶಾಖೆಯಿಂದಲೇ."

"ಅಂಗಾರೆ ಅಲ್ಲೇ ಕುಂತಿರಿ. ನನ್ ತಮ್ಮ ಐದು ನಿಮಿಷಕ್ಕೆ ಅಲ್ಲಿಗೇ ಬತ್ತಾನೆ."

ಫೋನು ಕಟ್ಟಾಯಿತು.

ಕಾರ್ಡಿನ ಹಿಂಬದಿಯಲ್ಲಿದ್ದ ಬ್ಯಾಂಕಿನ ಸಂಖ್ಯೆಗೆ ಫೋನು ಮಾಡಿ ಕಾರ್ಡು ಬ್ಲಾಕ್ ಮಾಡಿಸಿದೆ. ಆಮೇಲೆ ಇಬ್ಬರೂ ಆಟೋ ಹತ್ತಿ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, ಏನೂ ಹೋಗಿಲ್ಲವೆಂದಳು. ಫೋನಿನಲ್ಲಿ ಯಾರು ಕೇಳಿದರೂ, ತಾನೇ ಎಂದು ಹೇಳಿಕೊಂಡು ಕೇಳಿದರೂ, ಕಾರ್ಡಿನ ಸಂಖ್ಯೆಯನ್ನಾಗಲಿ ಓಟಿಪಿಯನ್ನಾಗಲಿ ಕೊಡಬೇಡಿ ಎಂದಳು. ಹೊಸ ಕಾರ್ಡಿಗೆ ಅರ್ಜಿ ಬರೆಸಿಕೊಂಡಳು. ನಾನು ಮೇಷ್ಟ್ರೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಲಾಗಲಿಲ್ಲ.

ಸೋಮವಾರ ಒಂಬತ್ತನೇ ತರಗತಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ಕಾರ್ಡಿನ ಸಂಖ್ಯೆ ನಾನೇ ಓದಿದ್ದನ್ನೂ ಬಿಡಲಿಲ್ಲ. ಮಕ್ಕಳು ನಗುತ್ತಾರೆಂದುಕೊಂಡಿದ್ದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ನಿಮ್ಮಕ್ಕ ಇನ್ನೂ ಊರಲ್ಲೇ ಅವ್ರಾ? ಒಂದ್ಸಲ ಸ್ಕೂಲಿಗೆ ಕರ್ಕಂಬನ್ನಿ" ಎಂದಳು.

ಮಾರನೆಯ ದಿನ ಕರೆದುಕೊಂಡು ಹೋದೆ. ಅಕ್ಕ ನನ್ನ ಕುರ್ಚಿಯಲ್ಲಿ ಕುಳಿತಳು. ನಾನು ಮಕ್ಕಳ ಜೊತೆ ಬೆಂಚಿನ ಮೇಲೆ ಕುಳಿತೆ.