ಕೊಡೆ ಅಜ್ಜಿ ವಾಪಸ್ ಕೇಳಿದ್ದು

ನಮ್ಮ ಬೀದಿಯಲ್ಲಿ ಅಕ್ಕನಿಗೆ ಜಪಾನಮ್ಮ ಅಂತಲೇ ಹೆಸರು. ಕಾಲೇಜಿನಲ್ಲಿ ಮೂವತ್ತು ವರ್ಷ ಜಪಾನಿ ಪಾಠ ಮಾಡಿದಳು, ಜಪಾನಿಗೆ ಹೋದದ್ದು ಮೂರೇ ಸಲ. ಆದರೂ ಅಲ್ಲಿನ ಒಂದು ಸಣ್ಣ ಊರಿನ ಹೆಂಗಸರ ಬಗ್ಗೆ ಅವಳಿಗೆ ಗೊತ್ತಿದ್ದಷ್ಟು ನನಗೆ ಪಕ್ಕದ ಮನೆಯವರ ಬಗ್ಗೆ ಗೊತ್ತಿಲ್ಲ. ನಾನು ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಇಬ್ಬರದೂ ಒಂದೇ ಮನೆ. ಊಟದ ಮೇಜಿನ ಮುಕ್ಕಾಲು ಭಾಗ ಅವಳ ಫೈಲುಗಳದು, ಉಳಿದ ಮೂಲೆ ನನ್ನ ತಟ್ಟೆಗೆ.

ಆ ಊರಿನಲ್ಲಿ ಕಸ ಸುಡುವ ಕಾರ್ಖಾನೆ ಕಟ್ಟುವುದಿಲ್ಲ ಅಂತ ನಗರಸಭೆ ಮಾತು ಕೊಟ್ಟು ತಪ್ಪಿತ್ತು. ಇಂಟರ್ನೆಟ್ಟು ಹೊಸದಾಗಿ ಬಂದ ಕಾಲ. ಅರವತ್ತೆರಡು ಹೆಂಗಸರು ಒಂದು ವೆಬ್‌ಸೈಟಿನಲ್ಲಿ ಸೇರಿ, ಸುಳ್ಳು ಹೆಸರಿಟ್ಟುಕೊಂಡು, ಮೂರು ವರ್ಷ ಬರೆದೂ ಬರೆದೂ ನಗರಸಭೆಯ ನಿದ್ದೆಗೆಡಿಸಿದರು. ಎಲ್ಲರಿಗಿಂತ ಹೆಚ್ಚು ಬರೆದವಳು ಕೊಡೆ ರಿಪೇರಿ ಮಾಡುವ ಒಬ್ಬ ಮುದುಕಿ. ಅಕ್ಕ ಅವಳಿಗಿಟ್ಟ ಹೆಸರು ಕೊಡೆ ಅಜ್ಜಿ. ಪಾತ್ರೆ ತೊಳೆಯುತ್ತ ಅಕ್ಕ ಆ ಅಜ್ಜಿಯ ಬರಹವನ್ನು ಜಪಾನಿಯಲ್ಲೇ ಬಾಯಿಪಾಠ ಒಪ್ಪಿಸುತ್ತಿದ್ದಳು. ಕಾರ್ಖಾನೆಯೇನೋ ಎದ್ದೇ ಎದ್ದಿತು. ವೆಬ್‌ಸೈಟು ಮುಚ್ಚಿತು. ಅವರು ಬರೆದದ್ದೆಲ್ಲ ಉಳಿದದ್ದು ಅಕ್ಕನ ಕಂಪ್ಯೂಟರಿನಲ್ಲಿ, ನಮ್ಮ ಊಟದ ಮೇಜಿನ ಮೇಲೆ, ಅಷ್ಟೇ.

ಬರಹ ತೆಗೆದುಕೊಳ್ಳುವಾಗಲೇ ಆ ಹೆಂಗಸರು ಒಬ್ಬೊಬ್ಬರಿಗೂ ಅಕ್ಕ ಸಹಿ ಹಾಕಿದ ಚೀಟಿ ಕೊಟ್ಟಿದ್ದಳು. ಯಾವಾಗ ಬೇಕಾದರೂ ನಿಮ್ಮ ಬರಹ ವಾಪಸ್ ತೆಗೆದುಕೊಳ್ಳಬಹುದು, ನನ್ನ ಹತ್ತಿರ ಒಂದಕ್ಷರವೂ ಉಳಿಯುವುದಿಲ್ಲ ಅಂತ.

ನಿವೃತ್ತಿಗೆ ಒಂದು ವರ್ಷ ಇರುವಾಗ, ಆ ಬರಹಗಳನ್ನಿಟ್ಟುಕೊಂಡು ಅಕ್ಕ ಬರೆಯುತ್ತಿದ್ದ ಪುಸ್ತಕ ಮುಗಿಯಿತು. ಪ್ರಕಾಶಕರೂ ಒಪ್ಪಿದರು. ಸುಮ್ಮನೆ ಕೊಟ್ಟುಬಿಡಬಾರದೇ? ಈ ಮಹಾತಾಯಿ ಎಲ್ಲರಿಗೂ ಮತ್ತೆ ಕಾಗದ ಬರೆದು, ಅಚ್ಚು ಹಾಕಿಸಲೇ ಅಂತ ಕೇಳಿದಳು. ಅಷ್ಟು ಹೊತ್ತಿಗೆ ಆ ಕಾರ್ಖಾನೆಯೇ ಅರ್ಧ ಊರಿಗೆ ಅನ್ನ ಹಾಕುತ್ತಿತ್ತು. ಒಬ್ಬಳ ಮಗ ಅಲ್ಲಿ ಮೇಸ್ತ್ರಿ, ಇನ್ನೊಬ್ಬಳ ಅಳಿಯ ಡ್ರೈವರು. ಒಂದಕ್ಕಿಂತ ಒಂದು ವಿನಯದ ಕಾಗದ ಬಂತು, ಎಲ್ಲದರಲ್ಲೂ ಬೇಡ. ಕೊನೆಗೆ ಕೊಡೆ ಅಜ್ಜಿಯದೂ ಬಂತು: ಮೊಮ್ಮಗಳಿಗೆ ನಗರಸಭೆಯಲ್ಲಿ ಕೆಲಸ ಸಿಕ್ಕಿದೆ, ನನ್ನದೆಲ್ಲ ಅಳಿಸಿಬಿಡಿ, ಕ್ಷಮಿಸಿ.

"ಆ ಸುಳ್ಳು ಹೆಸರನ್ನೂ ಬದಲಾಯಿಸಿ ಹಾಕಕ್ಕಾ. ಯಾರು ಬಂದು ನೋಡ್ತಾರೆ?" ಅಂದೆ.

"ನಗರಸಭೆ ಮಾತು ತಪ್ಪಿದ್ಮೇಲೆ ಅವರು ಯಾರನ್ನೂ ನಂಬ್ತಿರ್ಲಿಲ್ಲ ಕಣೋ. ನನ್ನ ಚೀಟಿ ನೋಡಿ ಬಾಯಿಬಿಟ್ರು."

"ಇಪ್ಪತ್ತೆರಡು ವರ್ಷ ಮಾಡಿದ್ದು?"

"ಊಟ ಆರ್ತಿದೆ, ಮೊದಲು ತಿನ್ನು."

ಕಂಪ್ಯೂಟರಿನಲ್ಲಿದ್ದದ್ದನ್ನು ಅವತ್ತೇ ಅಳಿಸಿದಳು. ಕಾಗದ ಚೂರು ಮಾಡುವ ಯಂತ್ರವನ್ನು ಕಾಲೇಜಿನಿಂದ ತಂದಳು. ಎರಡನೇ ದಿನ ಅದು ಕೆಟ್ಟು ಕೂತಿತು. ರಿಪೇರಿ ಮಾಡಿಕೊಟ್ಟವನು ನಾನೇ, ಬಾಯಿಗೆ ಬಂದಂತೆ ಬೈದುಕೊಂಡು. ಭಾನುವಾರದ ಹೊತ್ತಿಗೆ ಮೇಜು ಖಾಲಿ. ಅಷ್ಟಗಲದ ಮೇಜಿನಲ್ಲಿ ಇಬ್ಬರೇ ಕೂತು ಉಣ್ಣಲು ನನಗೆ ಸಂಕಟವಾಗುತ್ತಿತ್ತು. ನಿವೃತ್ತಿಯ ಬೀಳ್ಕೊಡುಗೆಯಲ್ಲಿ, ವಿಷಯ ಗೊತ್ತಿಲ್ಲದ ಪ್ರಿನ್ಸಿಪಾಲರು ಬರಲಿರುವ ಪುಸ್ತಕವನ್ನು ಬಾಯಿತುಂಬ ಹೊಗಳಿದರು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು.

ಹೋದ ತಿಂಗಳು ಒಂದು ಮೇಲ್ ಬಂತು. ಕೊಡೆ ಅಜ್ಜಿ ತೀರಿಕೊಂಡಿದ್ದಳು. ಬರೆದವಳು ಮೊಮ್ಮಗಳು, ಅಜ್ಜಿಯ ಸಾಮಾನಿನಲ್ಲಿ ಅಕ್ಕನ ಚೀಟಿ ಸಿಕ್ಕಿತ್ತಂತೆ. ಅಜ್ಜಿ ಒಂದು ಕಾಲದಲ್ಲಿ ತುಂಬ ಬರೆಯುತ್ತಿದ್ದಳಂತೆ, ನಮಗೆ ಯಾರಿಗೂ ತೋರಿಸಲೇ ಇಲ್ಲ, ಒಂದೇ ಒಂದು ಸಾಲು ನಿಮ್ಮ ಹತ್ತಿರ ಇದ್ದರೂ ಕಳಿಸುತ್ತೀರಾ? ಓದಿ ಹೇಳುತ್ತ ಹೇಳುತ್ತ ಅಕ್ಕ ಗಳಗಳನೆ ಅತ್ತುಬಿಟ್ಟಳು.

"ನಿಂಗೆ ಬಾಯಿಪಾಠ ಇದೆಯಲ್ಲೇ! ಬರೆದು ಕಳಿಸು!"

"ಅದನ್ನೂ ಸೇರಿಸೇ ಅವರು ವಾಪಸ್ ತಗೊಂಡಿದ್ದು."

"ಸತ್ತವರು ಬಂದು ಕೇಳ್ತಾರಾ?"

"'ಪರವಾಗಿಲ್ಲ, ಕೊಡು' ಅನ್ನೋಕೂ ಈಗ ಅವರಿಲ್ವಲ್ಲೋ."

ನಾಲ್ಕು ದಿನ ಕೂತು ಒಂದು ಸಾಲು ಬರೆದಳು: ಕ್ಷಮಿಸಿ, ನನ್ನ ಹತ್ತಿರ ಏನೂ ಉಳಿದಿಲ್ಲ. ಅವತ್ತು ಅವಳ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆಮೇಲಿಂದ ಪಾತ್ರೆ ತೊಳೆಯುವಾಗ ನಲ್ಲಿಯ ಸದ್ದು ಮಾತ್ರ. ನಿನ್ನೆ ತಡೆಯಲಾರದೆ, ಯಾಕೆ ಏನೂ ಹೇಳ್ತಿಲ್ಲ ಅಂತ ಕೇಳಿದೆ.

"ಏನೂ ಉಳಿದಿಲ್ಲ ಅಂತ ಬರೆದೆನಲ್ಲ, ಅದು ನಿಜ ಆಗ್ಬೇಕಲ್ಲೋ," ಅಂದಳು. "ಮರೆಯೋಕೆ ನೋಡ್ತಿದ್ದೀನಿ."