ಬೀರುವಿನ ಹಿಂದಿನ ಊಟ

ಗೆಳೆಯರೇ, ನಮ್ಮತ್ತೆಯನ್ನು ಮೊದಲ ಸಲ ವಿಮಾನ ಹತ್ತಿಸಲು ಇವತ್ತು ಸೊರಬದಿಂದ ಶಿವಮೊಗ್ಗಕ್ಕೆ ಹೋಗಿದ್ದೆ. ವಿಮಾನ ನಿಲ್ದಾಣದ ಹತ್ತಿರ ಒಂದು ಗುಟ್ಟಿನ ಹೋಟೆಲಿದೆ. ಬೋರ್ಡಿಲ್ಲ, ಮುಂದಿನ ಕೋಣೆಯಲ್ಲಿರುವ ಬೀರುವೇ ಅದರ ಬಾಗಿಲು. ಬಡಿದೆವು.

"ಗುಟ್ಟಿನ ಮಾತು ಹೇಳಿ," ಎಂದಿತು ಒಳಗಿನ ದನಿ.

ಊಟ ಕಾಯ್ದಿರಿಸಿದಾಗ ಫೋನಿಗೆ ಬಂದಿದ್ದ ಆ ಮಾತನ್ನು ನಾನು ಹುಡುಕುವಷ್ಟರಲ್ಲಿ ಅತ್ತೆ ರೇಗಿದರು: "ಹಸಿವಾಗೈತೆ ಅನ್ನಾದ್ರಲ್ಲಿ ಗುಟ್ಟೇನ್ರೀ? ಬಾಗ್ಲು ತೆಗೀರಿ!"

ಮಾಲೀಕರು ನಗುತ್ತಲೇ ತೆರೆದರು.

ಅಕ್ಕಿರೊಟ್ಟಿ, ಎಣ್ಣೆಗಾಯಿ ತಿಂದು ಸಮಾಧಾನವಾದ ಅತ್ತೆ, ಹೊರಬಂದು ರಸ್ತೆಯಲ್ಲಿದ್ದವರನ್ನೆಲ್ಲ ಕರೆದರು: "ಊಟ ಆತೇನ್ರೀ? ಒಳಗೆ ಆ ಬೀರು ಎಳೀರಿ, ರೊಟ್ಟಿ ಬಾಳ ಚೆನ್ನಾಗೈತೆ!"

ಹತ್ತು ನಿಮಿಷದಲ್ಲಿ ಹೋಟೆಲ್ ತುಂಬಿತು. ಮಾಲೀಕರು ಓಡಿಬಂದರು: "ಅಮ್ಮಾ, ವಾಪಸ್ ಯಾವಾಗ ಬರ್ತೀರಿ?"

ಗಿರಾಕಿ ಕರೆಸಲು ಕೇಳಿದರೋ, ಅವರು ಬರುವ ದಿನ ಬೀಗ ಹಾಕಲು ಕೇಳಿದರೋ, ನನಗಂತೂ ತಿಳಿಯಲಿಲ್ಲ.